ನೋಡುವಂಥದ್ದೇನೂ ಇಲ್ಲದ ಊರು

ಕುವೈತ್‌ಗೆ ಯಾರೂ ಪ್ರವಾಸ ಬರುವುದಿಲ್ಲ. ದುಬೈಗೆ ಹೋಗುತ್ತಾರೆ, ಸಿಂಗಪುರಕ್ಕೆ ಹೋಗುತ್ತಾರೆ, ಸಾಲ ಮಾಡಿಯಾದರೂ ಯುರೋಪಿಗೆ ಹೋಗಿ ಐಫೆಲ್ ಗೋಪುರದ ತುದಿಯನ್ನು ಚಿಟಿಕೆಯಲ್ಲಿ ಹಿಡಿದಂತೆ ಫೋಟೊ ತೆಗೆಸಿಕೊಳ್ಳುತ್ತಾರೆ. ಕುವೈತ್‌ಗೆ ಬರುವವರು ಕೆಲಸಕ್ಕೆ ಬರುತ್ತಾರೆ. ಅವರ ಬೆನ್ನಿಗೆ ಹೆಂಡತಿ ಮಕ್ಕಳು ಬರುತ್ತಾರೆ. ಹೆಂಡತಿಯ ಬಾಣಂತನಕ್ಕೆ ಅತ್ತೆ ಬರುತ್ತಾರೆ. ಈ ಮೂರು ಪಂಗಡದಲ್ಲಿ ಯಾರನ್ನೇ ವಿಚಾರಿಸಿ, "ಅಲ್ಲಿ ನೋಡಲಿಕ್ಕೆ ಏನಿದೆ?" ಎಂದು ನಮ್ಮನ್ನೇ ತಿರುಗಿ ಕೇಳುತ್ತಾರೆ.

ಅವರ ಮಾತನ್ನು ತೆಗೆದುಹಾಕುವ ಹಾಗೂ ಇಲ್ಲ. ಈ ದೇಶದಲ್ಲಿ ಒಂದು ಹೊಳೆ ಇಲ್ಲ, ಕೆರೆ ಇಲ್ಲ, ಹೇಳಿಕೊಳ್ಳುವಂಥ ಬೆಟ್ಟ ಇಲ್ಲ. ಕಣಿವೆ ಎಂದು ಭೂಪಟದಲ್ಲಿ ಹುಡುಕಿದರೆ ಪಶ್ಚಿಮದ ಗಡಿಯಲ್ಲಿ ವಾದಿ ಅಲ್ ಬಾತಿನ್ ಎಂಬುದೊಂದು ಸಿಗುತ್ತದೆ. ಯಾವುದೋ ಯುಗದಲ್ಲಿ ನದಿ ಹರಿದಿದ್ದ ಗುರುತು ಅದು; ಈಗ ಇರಾಕಿಗೂ ಕುವೈತ್‌ಗೂ ಗಡಿಯಾಗಿ ಮಲಗಿರುವ ಒಣ ತಗ್ಗು. ವರ್ಷದ ಮಳೆ 120 ಮಿಲಿಮೀಟರಿನ ಆಸುಪಾಸು. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುತ್ತದೆ. ಇಲ್ಲಿ ಒಂದು ವರ್ಷ ಸುರಿಯುವುದನ್ನು ಆಗುಂಬೆಯ ಮಳೆ ಆಷಾಢದ ಒಂದು ಮಧ್ಯಾಹ್ನದಲ್ಲಿ, ಊಟದ ಹೊತ್ತಿಗೆ ಮೊದಲೇ, ಮುಗಿಸಿ ಕೈತೊಳೆಯಬಲ್ಲದು.

ಆದರೂ ನನಗೆ ಈ ಊರು ಸುತ್ತುವ ಚಟ ಹತ್ತಿದೆ. ನೋಡತಕ್ಕ ಸ್ಥಳಗಳ ಪಟ್ಟಿ ಯಾರೂ ಕೈಗೆ ಕೊಡದ ಊರಿನಲ್ಲಿ ಅಲೆಯುವುದು ಬಹಳ ಸುಖ. ಇಂಥದ್ದನ್ನು ನೋಡಲಿಲ್ಲವಲ್ಲ ಎಂಬ ಹಳಹಳಿಕೆ ಇಲ್ಲ, ನೋಡಿ ಬಂದೆ ಎಂಬ ಜಂಬಕ್ಕೆ ಕೇಳುಗರೂ ಇಲ್ಲ.

ಮೊದಲು ಊರಿನ ನಕ್ಷೆ ತಿಳಿಯಬೇಕು. ಅದು ಬಹಳ ಸುಲಭ. ಕೊಲ್ಲಿಯ ಅಂಚಿನಲ್ಲಿ ಹಳೆಯ ಪಟ್ಟಣ. ಅದರ ಸುತ್ತ ಅರ್ಧ ಚಂದ್ರಾಕಾರವಾಗಿ ಫಸ್ಟ್ ರಿಂಗ್ ರೋಡ್, ಅದರಾಚೆ ಸೆಕೆಂಡ್, ಥರ್ಡ್, ಹೀಗೆ ಏಳನೆಯದರ ತನಕ. ಬೆಂಗಳೂರಿನವರು ಒಂದು ವರ್ತುಲ ರಸ್ತೆಯನ್ನು ಮುಗಿಸಲು ತಲೆಮಾರುಗಳನ್ನೇ ಸವೆಸುತ್ತಿರುವಾಗ ಇವರು ಏಳು ಹಾಕಿಕೊಂಡು ಕೂತಿದ್ದಾರೆ. ಇದರಲ್ಲಿ ಮೊದಲನೆಯದು ಸುಮ್ಮನೆ ರಸ್ತೆಯಲ್ಲ, ಅದು ಊರಿನ ಹಳೆಯ ಕೋಟೆಗೋಡೆ ಇದ್ದ ಜಾಗ. 1920ರಲ್ಲಿ ಈಗಿನ ಸೌದಿ ಅರೇಬಿಯಾದ ನಜ್ದ್ ಕಡೆಯಿಂದ ಇಖ್ವಾನ್ ಎಂಬ ಪಡೆಗಳು ಏರಿ ಬರುತ್ತವೆಂಬ ಭಯ ಹುಟ್ಟಿದಾಗ ಊರಿನ ಗಂಡಸರೆಲ್ಲ ಸೇರಿ ಕೆಲವೇ ತಿಂಗಳಲ್ಲಿ ಮಣ್ಣಿನ ಗೋಡೆ ಎಬ್ಬಿಸಿದರು. ಎಣ್ಣೆಯ ದುಡ್ಡು ಬಂದು ಊರು ಗೋಡೆಯಾಚೆ ಬೆಳೆಯತೊಡಗಿದಾಗ, 1957ರಲ್ಲಿ, ಅದನ್ನು ಕೆಡವಿದರು. ಕೆಡವಿದವರಿಗೆ ಅದೇನು ಮಮತೆ ಬಂತೋ, ಬಾಗಿಲುಗಳನ್ನು ಮಾತ್ರ ಉಳಿಸಿಕೊಂಡರು.

ಹಾಗಾಗಿ ಈಗ ಷೆರಟಾನ್ ಹೋಟೆಲಿನ ಎದುರಿನ ವೃತ್ತದಲ್ಲಿ ಜಹ್ರಾ ಬಾಗಿಲು ಒಂಟಿಯಾಗಿ ನಿಂತಿದೆ. ಎಡಕ್ಕೆ ಗೋಡೆಯಿಲ್ಲ, ಬಲಕ್ಕೆ ಗೋಡೆಯಿಲ್ಲ. ಒಂದು ಕಾಲದಲ್ಲಿ ಕತ್ತಲಾದ ಮೇಲೆ ಬಂದವರನ್ನು ಬೆಳಗಿನ ತನಕ ಹೊರಗೇ ಕಾಯಿಸುತ್ತಿದ್ದ ಬಾಗಿಲು ಅದು. ಈಗ ಅದರ ಸುತ್ತ ಲ್ಯಾಂಡ್ ಕ್ರೂಸರುಗಳು ಹಾರ್ನ್ ಹೊಡೆಯುತ್ತ ಗಿರಕಿ ಹೊಡೆಯುತ್ತವೆ. ಒಳಗೆ ಹೋಗುವವರಿಗೂ ಅದು ಬೇಡ, ಹೊರಗೆ ಹೋಗುವವರಿಗೂ ಬೇಡ. ನಿವೃತ್ತರಾದ ಮೇಲೂ ಆಫೀಸಿಗೆ ಬಂದು ಕೂರುವ ಹೆಡ್ ಕ್ಲಾರ್ಕರು ಯಾರಾದರೂ ನಿಮಗೆ ಗೊತ್ತಿದ್ದರೆ ಆ ಬಾಗಿಲಿನ ಗಾಂಭೀರ್ಯ ಚೆನ್ನಾಗಿ ಅರ್ಥವಾಗುತ್ತದೆ.

ಕಳೆದ ಚಳಿಗಾಲದಲ್ಲಿ ತೀರ್ಥಹಳ್ಳಿ ಕಡೆಯಿಂದ ನನ್ನ ಚಿಕ್ಕಪ್ಪ ವಿಸಿಟ್ ವೀಸಾದಲ್ಲಿ ಬಂದಿದ್ದರು. ಪ್ರೈಮರಿ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಯಾವ ವಿಷಯವನ್ನೂ ಪರೀಕ್ಷಿಸದೆ ಪಾಸು ಮಾಡುವವರಲ್ಲ. ಬಂದ ಮಾರನೆಯ ದಿನವೇ ಅವರನ್ನು ಕುವೈತ್ ಟವರ್ಸ್‌ಗೆ ಕರೆದುಕೊಂಡು ಹೋದೆ. ಸಮುದ್ರದ ದಂಡೆಯಲ್ಲಿ ಮೂರು ಗೋಪುರ, ಎರಡಕ್ಕೆ ನೀಲಿ ಹಸಿರು ಬಿಲ್ಲೆಗಳು ಮಿನುಗುವ ಗೋಳಗಳು. ಅತಿ ಎತ್ತರದ್ದು 187 ಮೀಟರ್. ಟಿಕೆಟ್ ತಗೊಂಡು, ಲಿಫ್ಟಿನಲ್ಲಿ ಏರಿ, ಅರ್ಧ ಗಂಟೆಗೊಂದು ಸುತ್ತು ತಿರುಗುವ ಮೇಲಿನ ಗೋಳದಲ್ಲಿ ನಿಂತು ಕೊಲ್ಲಿಯನ್ನೂ ಊರನ್ನೂ ನೋಡಿದ್ದಾಯಿತು. ಚಿಕ್ಕಪ್ಪ ಮೆಚ್ಚಿದಂತೆ ಕಂಡಿತು.

"ಇದನ್ನ ಎಂತಕ್ಕೆ ಕಟ್ಟಿದ್ದು? ದೇವಸ್ಥಾನ ಅಲ್ಲ, ಮಸೀದಿ ಅಲ್ಲ."

"ನೀರಿನ ಟ್ಯಾಂಕು ಚಿಕ್ಕಪ್ಪ."

ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಎಂತ ಮಾರಾಯ, ನೀರಿನ ಟ್ಯಾಂಕು ತೋರ್ಸಕ್ಕೆ ದುಡ್ಡು ಕೊಟ್ಟು ಕರ್ಕೊಂಡು ಬಂದ್ಯಾ? ನಮ್ಮ ಪಂಚಾಯ್ತಿ ಟ್ಯಾಂಕು ಬಸ್‌ಸ್ಟ್ಯಾಂಡ್ ಹತ್ರವೇ ಉಂಟು, ಫ್ರೀಯಾಗಿ ನೋಡಬಹುದು. ಅದೂ ಸೋರ್ತದೆ, ಅದೊಂದು ವಿಶೇಷ."

ನಾನು ಹೇಳಿದ್ದು ನಿಜ. ದೊಡ್ಡ ಗೋಪುರದ ಕೆಳಗಿನ ಗೋಳದ ತಳ ಅರ್ಧದಲ್ಲಿ 45 ಲಕ್ಷ ಲೀಟರ್ ನೀರು, ಎರಡನೆಯ ಗೋಪುರದಲ್ಲಿ ಅಷ್ಟೇ. ಮೂರನೆಯದರಲ್ಲಿ ನೀರಿಲ್ಲ, ಉಳಿದೆರಡಕ್ಕೆ ದೀಪ ಹಿಡಿಯುವುದೇ ಅದರ ಕೆಲಸ. ಊರ ತುಂಬ ನೀಲಿ ಬಿಳಿ ಪಟ್ಟೆಯ ಅಣಬೆಯಾಕಾರದ ಟ್ಯಾಂಕುಗಳು ಇನ್ನೂ ಮೂವತ್ತಕ್ಕೂ ಹೆಚ್ಚಿವೆ. ಎಲ್ಲವೂ ಸ್ವೀಡನ್ನಿನ ಒಂದೇ ಕಂಪನಿಯ ಕೈಕೆಲಸ. ಗೋಳಗಳ ಕಲ್ಪನೆ ಮಾಲೆನೆ ಬ್ಯೋರ್ನ್ ಎಂಬ ಮಹಿಳೆಯದು. 1979ರಲ್ಲಿ ಜನರಿಗೆ ತೆರೆದ ಮರುವರ್ಷವೇ ಈ ನೀರಿನ ಟ್ಯಾಂಕುಗಳಿಗೆ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು. ಟ್ಯಾಂಕಿಗೆ ಪ್ರಶಸ್ತಿ ಬಂದದ್ದು ಕೇಳಿ ಚಿಕ್ಕಪ್ಪ, "ಕಂಟ್ರಾಕ್ಟರಿಗೆ ಬಿಲ್ ಆದ್ರೆ ಸಾಕು ನಮ್ಮಲ್ಲಿ" ಎಂದರು.

ನೀರಿಗೆ ಇಷ್ಟು ದೊಡ್ಡ ಸ್ಮಾರಕ ಯಾಕೆಂಬುದು ಗೊತ್ತಾಗಬೇಕಾದರೆ ಹಳೆಯ ಕಥೆ ಕೇಳಬೇಕು. ಊರಿನ ಬಾವಿಗಳ ನೀರು ಉಪ್ಪು. ಇದ್ದ ಸಿಹಿನೀರು ಬೆಳೆದ ಊರಿಗೆ ಸಾಲುತ್ತಿರಲಿಲ್ಲ. ಹಾಗಾಗಿ ಇರಾಕಿನ ಶತ್ ಅಲ್ ಅರಬ್ ನದಿಗೆ ಹಾಯಿಹಡಗು ಕಳಿಸಿ ಅಲ್ಲಿಂದ ನೀರು ತುಂಬಿಕೊಂಡು ಬರುತ್ತಿದ್ದರು. ಬಂದ ನೀರನ್ನು ಆಡಿನ ಚರ್ಮದ ಚೀಲಗಳಲ್ಲಿ ಹೊತ್ತು ಮನೆಮನೆಗೆ ಮಾರುತ್ತಿದ್ದರು. 1953ರಲ್ಲಿ ಸಮುದ್ರದ ನೀರನ್ನು ಕಾಯಿಸಿ ಸಿಹಿ ಮಾಡುವ ಸ್ಥಾವರ ಶುರುವಾದ ಮೇಲೆ ಆ ದೋಣಿಗಳು ನಿಂತವು. ಗುಡ್ಡದ ನೆತ್ತಿಯಿಂದ ಅಡಿಕೆ ದಬ್ಬೆಯಲ್ಲಿ ಅಡುಗೆಮನೆಯ ಬಾಗಿಲಿಗೇ ನೀರು ಇಳಿದು ಬರುವ ಮನೆಯಲ್ಲಿ ಹುಟ್ಟಿದ ಚಿಕ್ಕಪ್ಪ ಇದನ್ನು ಕೇಳಿ ಸುಮ್ಮನಾದರು. ಅಂದಿನಿಂದ ನಮ್ಮ ಮನೆಯಲ್ಲಿ ಹಲ್ಲುಜ್ಜುವಾಗ ನಲ್ಲಿ ತಿರುಗಿಸಿ ಬಿಟ್ಟವರಿಗೆ ಅವರ ಕೈಯಲ್ಲಿ ಪಾಠ ತಪ್ಪಲಿಲ್ಲ.

ನಲ್ಲಿಯ ಮಾತು ಬಂತಲ್ಲ, ಬೇಸಗೆಯಲ್ಲಿ ಅದರದೇ ಒಂದು ತಮಾಷೆ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾ ಎಂಬಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿ ವಿಶ್ವ ಹವಾಮಾನ ಸಂಸ್ಥೆಯ ಪುಸ್ತಕ ಸೇರಿತು. ಅಂಥ ಬಿಸಿಲಿಗೆ ತಾರಸಿಯ ಮೇಲಿನ ಟ್ಯಾಂಕಿನ ನೀರು ಕುದಿಯುವುದೊಂದು ಬಾಕಿ. ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ಆದ್ದರಿಂದ ಮೇ ತಿಂಗಳು ಬಂತೆಂದರೆ ಬಚ್ಚಲಿನ ಗೀಸರ್ ಆಫ್ ಮಾಡಿಬಿಡುತ್ತೇವೆ. ಮನೆಯೊಳಗೆ ಎ.ಸಿ. ಗಾಳಿಯಲ್ಲಿ ಇರುವ ಗೀಸರಿನಲ್ಲಿ ನೀರು ನಿಂತು ತಣ್ಣಗಾಗುತ್ತದೆ. ಆಮೇಲೆ ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು, ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು. ಊರಿನಿಂದ ಹೊಸದಾಗಿ ಬಂದವರಿಗೆ ಇದನ್ನು ಮೊದಲೇ ಹೇಳಿರಬೇಕು, ಇಲ್ಲದಿದ್ದರೆ ಬಚ್ಚಲಿನಿಂದ ದೊಡ್ಡ ಸ್ವರ ಕೇಳುತ್ತದೆ.

ಟವರ್ಸ್‌ನಿಂದ ಮುಬಾರಕಿಯಾ ಮಾರುಕಟ್ಟೆ ದೂರವಿಲ್ಲ. ಎಣ್ಣೆ ಸಿಗುವ ಎಷ್ಟೋ ಮೊದಲಿನಿಂದ ನಡೆದು ಬಂದ ಸಂತೆ ಇದು. ಮಾಡು ಹಾಕಿದ ಓಣಿಗಳು. ಒಂದರಲ್ಲಿ ಖರ್ಜೂರ, ಒಂದರಲ್ಲಿ ಕೇಸರಿ ಏಲಕ್ಕಿ, ಒಂದರಲ್ಲಿ ಅತ್ತರು ಊದು, ಇನ್ನೊಂದರಲ್ಲಿ ಮೀನು. ಅಂಗಡಿಯಲ್ಲಿ ಕೂತವರು ಇರಾನಿನವರು, ಮಲಯಾಳಿಗಳು, ಬಾಂಗ್ಲಾದವರು, ಈಜಿಪ್ಟಿನವರು. ಚೌಕಾಸಿ ಮಾತ್ರ ಎಲ್ಲರಿಗೂ ಅರ್ಥವಾಗುತ್ತದೆ.

ಮೀನಿನ ಸಾಲಿಗೆ ಹೋಗುವುದಾದರೆ ಜೊತೆಗೆ ಕರಾವಳಿಯವರೊಬ್ಬರು ಇರಬೇಕು. ನನ್ನ ಜೊತೆ ಕುಂದಾಪುರದ ಗೆಳೆಯನೊಬ್ಬ ಇರುತ್ತಾನೆ. ಮಂಜುಗಡ್ಡೆಯ ಮೇಲೆ ಸಾಲಾಗಿ ಮಲಗಿಸಿದ ಜುಬೈದಿಯನ್ನು, ಅಂದರೆ ನಮ್ಮ ಬಿಳಿ ಮಾಂಜಿಯನ್ನು, ಅವನು ಕೊಳ್ಳುವ ಕ್ರಮವೇ ನೋಡುವಂಥದ್ದು. ಮೊದಲು ರೇಟು ಕೇಳುವುದಿಲ್ಲ. ಹೆಬ್ಬೆರಳಿನಿಂದ ಕಿವಿರು ಎತ್ತಿ ಒಳಗಿನ ಬಣ್ಣ ನೋಡುತ್ತಾನೆ. ಹೊಟ್ಟೆಯ ಬಳಿ ಒತ್ತಿ, ಗುಳಿ ಬಿದ್ದದ್ದು ಮೇಲೆ ಬರುತ್ತದೋ ಇಲ್ಲವೋ ಕಾಯುತ್ತಾನೆ. ಕಣ್ಣು ನೋಡುತ್ತಾನೆ. ಆಮೇಲೆ ಬೆರಳನ್ನು ಮೂಸಿ, ಅಂಗಡಿಯವನ ಕಡೆ ನಿರಾಸೆಯಿಂದ ತಲೆಯಾಡಿಸುತ್ತಾನೆ. ಮೀನು ಎಷ್ಟೇ ತಾಜಾ ಇರಲಿ, ಈ ನಿರಾಸೆ ಕಡ್ಡಾಯ. ಅಲ್ಲಿಂದ ವ್ಯಾಪಾರ ಆರಂಭ. "ಹೊಳೆ ಮೀನಿನ ರುಚಿ ಇದಕ್ಕೆಲ್ಲಿ" ಎಂದು ಚಿಕ್ಕಪ್ಪ ಗೊಣಗಿದ್ದು ಅವನ ಕಿವಿಗೆ ಬಿತ್ತು. ಮಧ್ಯಾಹ್ನ ಊಟಕ್ಕೆ ಕೂರುವ ತನಕವೂ ಅವರಿಬ್ಬರ ನಡುವೆ ಮಲೆನಾಡು ಕರಾವಳಿಗಳ ಗಡಿ ತಂಟೆ ಮುಗಿಯಲಿಲ್ಲ. ಚಿಕ್ಕಪ್ಪ ಮೂರನೆಯ ತುಂಡು ಹಾಕಿಸಿಕೊಂಡ ಮೇಲೆ ತೀರ್ಪು ತಾನಾಗಿ ಬಂತು.

ಅದೇ ಮಾರುಕಟ್ಟೆಯ ಒಂದು ಚಹಾದಂಗಡಿ. ಮರದ ಬೆಂಚುಗಳ ಮೇಲೆ ದಿಶ್ದಾಶಾ ಎಂಬ ಬಿಳಿ ನಿಲುವಂಗಿ ತೊಟ್ಟ ಹಿರಿಯರು ಜಪಮಣಿ ಎಣಿಸುತ್ತ ಕೂತಿರುತ್ತಾರೆ. ಸೊಂಟ ಸಣ್ಣಗಿನ ಪುಟ್ಟ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ. ಲೋಟದ ಅಳತೆ ನೋಡಿ ಚಿಕ್ಕಪ್ಪ, "ಇದು ಸ್ಯಾಂಪಲ್ಲಾ?" ಎಂದರು. ಪಕ್ಕದ ಬೆಂಚಿನ ಅಜ್ಜ ನಮ್ಮ ಕಡೆ ತಿರುಗಿ, ಸಲೀಸಾದ ಮುಂಬೈ ಹಿಂದಿಯಲ್ಲಿ, ಯಾವ ಊರು, ಯಾವಾಗ ಬಂದಿರಿ ಎಂದು ಶುರು ಮಾಡಿಬಿಟ್ಟ. ಹುಡುಗನಾಗಿದ್ದಾಗ ತಂದೆಯ ಜೊತೆ ಹಡಗಿನಲ್ಲಿ ಮುಂಬೈಗೆ ಹೋಗುತ್ತಿದ್ದನಂತೆ. ಚಿಕ್ಕಪ್ಪ ಹಿಂದಿ ಪರೀಕ್ಷೆಗಳನ್ನು ಕಟ್ಟಿ ಪಾಸು ಮಾಡಿದವರು. ಲಿಂಗ ವಚನ ಎಲ್ಲ ಸರಿಯಾಗಿ ಜೋಡಿಸಿ ಅವರು ಒಂದು ವಾಕ್ಯ ಮುಗಿಸುವಷ್ಟರಲ್ಲಿ ಆ ಅಜ್ಜ ವ್ಯಾಕರಣದ ಹಂಗಿಲ್ಲದೆ ಹತ್ತು ವಾಕ್ಯ ಆಡಿ, ಚಹಾದ ದುಡ್ಡನ್ನೂ ಕೊಟ್ಟು ಎದ್ದು ಹೋದ.

ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಈ ಸಂತೆಯಲ್ಲಿ ಒಂದು ಕಾಲಕ್ಕೆ ಓಡುತ್ತಿದ್ದದ್ದು ನಮ್ಮ ರೂಪಾಯಿ. 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿ ರಾಜ್ಯಗಳಿಗೆಂದೇ ಬೇರೆ ನೋಟು ಅಚ್ಚು ಹಾಕಿತು. 1961ರ ಏಪ್ರಿಲ್‌ನಲ್ಲಿ ಕುವೈತ್ ತನ್ನ ದಿನಾರ್ ತಂದಾಗ ಒಂದು ದಿನಾರ್‌ಗೆ ಹದಿಮೂರು ರೂಪಾಯಿ, ಮೇಲೊಂದಿಷ್ಟು ಚಿಲ್ಲರೆ ಎಂದು ಲೆಕ್ಕ ಹಾಕಿ ಹಳೆಯ ನೋಟು ಬದಲಿಸಿಕೊಟ್ಟರು. ಇವತ್ತು ಒಂದು ದಿನಾರ್ ಇನ್ನೂರೈವತ್ತು ರೂಪಾಯಿಯ ಮೇಲಿದೆ. ಅದಕ್ಕೂ ಹಿಂದೆ ಇಲ್ಲಿನ ಕಾಗದಗಳಿಗೆ ಹಚ್ಚುತ್ತಿದ್ದದ್ದೂ ಭಾರತದ ಸ್ಟಾಂಪನ್ನೇ, ಮೇಲೆ ಕುವೈತ್ ಎಂದು ಅಚ್ಚೊತ್ತಿ. ಇಲ್ಲಿನ ಮುತ್ತುಗಳು ಮುಂಬೈಯ ವ್ಯಾಪಾರಿಗಳ ಕೈ ಸೇರುತ್ತಿದ್ದವು. ಹಾಗಾಗಿ ದುಡಿಯಲು ಬಂದವರು ನಾವೇ ಮೊದಲು ಎಂದು ಬೀಗುವ ಹಾಗಿಲ್ಲ. ನಮ್ಮಲ್ಲಿಗೆ ದುಡಿಯಲು ಇವರೂ ಬರುತ್ತಿದ್ದರು.

ನಂಬದಿದ್ದವರು ಸಾಲ್ಮಿಯಾದ ಸೈಂಟಿಫಿಕ್ ಸೆಂಟರಿಗೆ ಹೋಗಬೇಕು. ಮಕ್ಕಳು ಒಳಗಿನ ಶಾರ್ಕ್ ಮೀನು ನೋಡಲು ಓಡುತ್ತಾರೆ. ದೊಡ್ಡವರು ಹೊರಗೆ ನಿಲ್ಲಿಸಿರುವ ಫತೆಹ್ ಅಲ್ ಖೈರ್ ಎಂಬ ಹಾಯಿಹಡಗನ್ನು ನೋಡುವುದು ಒಳ್ಳೆಯದು. 1938ರಲ್ಲಿ ಕಟ್ಟಿದ್ದು, ಎಣ್ಣೆಗೆ ಮುಂಚಿನ ಕಾಲದ ದೊಡ್ಡ ಹಡಗುಗಳಲ್ಲಿ ಉಳಿದದ್ದು ಇದೊಂದೇ. ಇಂಥವು ಬಸ್ರಾದ ಖರ್ಜೂರ ತುಂಬಿಕೊಂಡು ಕರಾಚಿ, ಮುಂಬೈ, ನಮ್ಮ ಕಾರವಾರ ಮಂಗಳೂರುಗಳ ಎದುರಿನಿಂದಲೇ ಹಾಯ್ದು ಕಲ್ಲಿಕೋಟೆಯ ತನಕ ಹೋಗಿ, ಸಾಗುವಾನಿ, ಅಕ್ಕಿ, ಹಗ್ಗ, ಸಾಂಬಾರ ಪದಾರ್ಥ ತರುತ್ತಿದ್ದವು. ಮರ ಬೆಳೆಯದ ನಾಡಿನ ಹಡಗಿಗೆ ಮರ ನಮ್ಮ ಪಶ್ಚಿಮ ಘಟ್ಟದ ಕಡೆಯದು. ಚಿಕ್ಕಪ್ಪ ಅದರ ಮೈ ತಟ್ಟಿ ನೋಡಿ, "ಒಳ್ಳೇ ಮರ. ಪರ್ಮಿಟ್ಟು ಇತ್ತೋ ಇಲ್ವೋ" ಎಂದರು.

ಆ ಹಡಗು ನೀರಿಗಿಳಿದ 1938ರಲ್ಲೇ ದಕ್ಷಿಣದ ಬುರ್ಗಾನ್‌ನಲ್ಲಿ ಎಣ್ಣೆ ಚಿಮ್ಮಿದ್ದು. ನಡುವೆ ಯುದ್ಧ ಬಂದು ಬಾವಿಗಳ ಬಾಯಿ ಮುಚ್ಚಿದರು. ಮೊದಲ ಹಡಗು ಎಣ್ಣೆ ತುಂಬಿಕೊಂಡು ಹೊರಟದ್ದು 1946ರಲ್ಲಿ. ಎಣ್ಣೆ ತೆಗೆದ ಕಂಪನಿ ತನ್ನ ನೌಕರರಿಗೆಂದು ಕಟ್ಟಿದ ಊರು ಅಹ್ಮದಿ. ರಾಜಧಾನಿಯಿಂದ ದಕ್ಷಿಣಕ್ಕೆ ಮುಕ್ಕಾಲು ಗಂಟೆಯ ದಾರಿ, ಸಣ್ಣ ದಿಬ್ಬದ ಮೇಲಿದೆ. ಕುವೈತ್‌ನ ಬೇರೆಲ್ಲ ಕಡೆ ಮರ ಕಂಡರೆ ಎಣಿಸಬಹುದು. ಅಹ್ಮದಿಯ ಹಳೆಯ ಬೀದಿಗಳಲ್ಲಿ ಮಾತ್ರ ಎರಡೂ ಕಡೆ ಮರ, ಬೇಲಿ, ಬೇಲಿಯೊಳಗೆ ಹುಲ್ಲು, ತಗ್ಗು ಮಾಡಿನ ಬಂಗಲೆ. ಇದರ ನಕ್ಷೆ ಬರೆದ ಜೇಮ್ಸ್ ಮಾಲಿಸನ್ ವಿಲ್ಸನ್ ಮೊದಲು ಹೊಸ ದೆಹಲಿಯಲ್ಲಿ ವಾಸ್ತುಶಿಲ್ಪಿ ಲುಟ್ಯೆನ್ಸನ ಕೈಕೆಳಗೆ ಪಳಗಿದ್ದವನು. ಊರನ್ನು ಮೂರು ಭಾಗ ಮಾಡಿದ್ದ. ಉತ್ತರಕ್ಕೆ ಇಂಗ್ಲಿಷ್, ಅಮೆರಿಕನ್ ಸಾಹೇಬರು. ನಡುವೆ ಭಾರತ, ಪಾಕಿಸ್ತಾನದ ಗುಮಾಸ್ತರು. ದಕ್ಷಿಣಕ್ಕೆ ಅರಬ್ ಕೂಲಿಗಳು. ಯಾರ ನೆಲವೋ ಅವರಿಗೆ ಕೊನೆಯ ಸಾಲು. ನಮ್ಮವರು ಇಲ್ಲೂ ನಡುವಿನ ಬೆಂಚಿನಲ್ಲೇ, ಲೆಡ್ಜರ್ ಬರೆಯುತ್ತ ಕೂತರು. ಸಂಬಳದ ಚೀಟಿಯ ಲೆಕ್ಕದಲ್ಲಿ ಈಗಲೂ ಆ ಬೆಂಚು ಹೆಚ್ಚೇನೂ ಸರಿದಿಲ್ಲ.

ಅಹ್ಮದಿಯಿಂದ ಇಳಿದರೆ ಸಮುದ್ರದ ಬದಿಗೆ ಫಹಾಹೀಲ್, ಮಂಗಫ್, ಅಬು ಹಲೀಫಾ, ಫಿಂತಾಸ್. ಹಿಂದೆ ಮೀನುಗಾರರ, ಖರ್ಜೂರದ ತೋಟದವರ ಹಳ್ಳಿಗಳು. ಈಗ ಬಾಡಿಗೆ ಕಟ್ಟಡಗಳ ಕಾಡು. ಸಂಜೆ ಈ ಬೀದಿಗಳಲ್ಲಿ ನಡೆದರೆ ಒಂದು ಕಿಟಕಿಯಿಂದ ಬಂಗುಡೆ ಹುರಿದ ವಾಸನೆ, ಇನ್ನೊಂದರಿಂದ ತುಳುವಿನಲ್ಲಿ ಫೋನ್ ಮಾತು. ರಾಜಧಾನಿಯ ಬಳಿಯ ಅಬ್ಬಾಸಿಯಾ ಮಲಯಾಳಿಗಳ ಕೋಟೆಯಾದರೆ, ಈ ಕಡೆ ನಮ್ಮ ದಕ್ಷಿಣ ಕನ್ನಡ, ಉಡುಪಿಯವರ ಸುಳಿವು ಚೆನ್ನಾಗಿಯೇ ಸಿಗುತ್ತದೆ. ಈ ದೇಶದಲ್ಲಿ ಸುಮಾರು 10 ಲಕ್ಷ ಭಾರತೀಯರಿದ್ದಾರೆ. ಅವರಲ್ಲಿ ನಮ್ಮವರು ಸಾಕಷ್ಟು ಎನ್ನುವುದಕ್ಕೆ ಕುವೈತ್ ಕನ್ನಡ ಕೂಟ, ತುಳು ಕೂಟ, ಬಂಟರ ಸಂಘ, ಬಿಲ್ಲವ ಸಂಘ ಎಂದು ಸಾಲುಗಟ್ಟಿ ನಿಂತ ಸಂಘಗಳೇ ಸಾಕ್ಷಿ. ಇಬ್ಬರು ಕನ್ನಡಿಗರು ಸೇರಿದರೆ ಒಂದು ಸಂಘ. ಮೂರನೆಯವರು ಬಂದರೆ ಅಧ್ಯಕ್ಷರ ಚುನಾವಣೆ.

ಇಲ್ಲಿನ ವಾರದ ದೊಡ್ಡ ರಜೆ ಶುಕ್ರವಾರ. ಆದ್ದರಿಂದ ನಮ್ಮ ಪಂಚಾಂಗವೂ ಶುಕ್ರವಾರಕ್ಕೆ ಶರಣು ಬಂದಿದೆ. ನವೆಂಬರ್ ಒಂದು ಯಾವ ವಾರವೇ ಬೀಳಲಿ, ರಾಜ್ಯೋತ್ಸವ ನಡೆಯುವುದು ಇಂಡಿಯನ್ ಶಾಲೆಯ ಸಭಾಂಗಣ ಖಾಲಿ ಸಿಕ್ಕ ಶುಕ್ರವಾರ. ಯುಗಾದಿಯೂ ಹಾಗೆ, ದೀಪಾವಳಿಯೂ ಹಾಗೆ. ಕ್ರೈಸ್ತ ಗೆಳೆಯರು ಭಾನುವಾರದ ಪೂಜೆಗೆ ಶುಕ್ರವಾರ ಹೋಗುತ್ತಾರೆ. ರಾಜಧಾನಿಯ ಹೋಲಿ ಫ್ಯಾಮಿಲಿ ಕೆಥೆಡ್ರಲ್ಲಿನಲ್ಲಿ ಮಂಗಳೂರು, ಗೋವೆಯವರ ಕೊಂಕಣಿ ಪೂಜೆಯೂ ಆಗುತ್ತದೆ. ಹಬ್ಬಗಳನ್ನು ನೋಡಿ ಚಿಕ್ಕಪ್ಪ, "ತಿಥಿ ನಕ್ಷತ್ರ ಎಲ್ಲ ಇಲ್ಲಿ ವಾಚ್‌ಮನ್ ಕೈಯಲ್ಲುಂಟು" ಎಂದರು. ಸಭಾಂಗಣದ ಬೀಗದ ಕೈ ಅವನ ಬಳಿಯೇ ಇರುವುದರಿಂದ ಅದು ಅಕ್ಷರಶಃ ಸತ್ಯ.

ಇನ್ನೊಂದು ಶುಕ್ರವಾರ ಪಶ್ಚಿಮದ ಜಹ್ರಾಕ್ಕೆ ಹೋದೆವು. ಹಿಂದೆ ನೀರಿದ್ದ ಬಾವಿಗಳಿಂದಾಗಿ ಗೋಧಿ, ತರಕಾರಿ, ಖರ್ಜೂರ ಬೆಳೆಯುತ್ತಿದ್ದ ಹಳ್ಳಿ. ಅಲ್ಲಿನ ಕೆಂಪು ಕೋಟೆ ದೆಹಲಿಯದರ ಹೆಸರಿಟ್ಟುಕೊಂಡಿದ್ದರೂ ಗಾತ್ರದಲ್ಲಿ ನಮ್ಮ ಕಡೆಯ ದೊಡ್ಡ ಗೌಡರ ಮನೆಯಷ್ಟು; ಮಣ್ಣಿನ ಗೋಡೆ, ನಾಲ್ಕು ಮೂಲೆಗೆ ಬುರುಜು. ರಾಜಧಾನಿಗೆ ಗೋಡೆ ಎದ್ದ ಆ 1920ರ ಅಕ್ಟೋಬರ್ 10ರಂದು ಇಖ್ವಾನ್ ಪಡೆ ಕೊನೆಗೂ ಬಂದದ್ದು ಇಲ್ಲಿಗೆ. ಆಗಿನ ದೊರೆ ಶೇಖ್ ಸಾಲಿಮ್ ತನ್ನವರೊಂದಿಗೆ ಈ ಮಣ್ಣಿನ ಗೋಡೆಗಳ ಹಿಂದೆ ಸೇರಿಕೊಂಡು ತಡೆದು ನಿಂತ. ಕುವೈತ್ ಎಂಬ ದೇಶ ಉಳಿದದ್ದು ಆ ಅಂಗಳದಲ್ಲಿ ಎಂದು ಇಲ್ಲಿನ ಮಕ್ಕಳು ಶಾಲೆಯಲ್ಲಿ ಓದುತ್ತಾರೆ.

ಜಹ್ರಾದಿಂದ ಮುಂದೆ ಮುತ್ಲಾ ದಿಣ್ಣೆ. ಇಲ್ಲಿನವರಿಗೆ ಅದು ಬೆಟ್ಟ. ಚಳಿಗಾಲ ಬಂತೆಂದರೆ ಮರಳುಗಾಡಿನಲ್ಲಿ ಡೇರೆ ಹಾಕಲು ಸರ್ಕಾರವೇ ಅನುಮತಿ ಕೊಡುತ್ತದೆ. ನವೆಂಬರಿನಿಂದ ಮಾರ್ಚಿನ ತನಕ ಮನೆಯಲ್ಲಿ ಹತ್ತು ಕೋಣೆ ಇದ್ದವರೂ ಬಂದು ಬಯಲಲ್ಲಿ ಬೆಂಕಿ ಹಾಕಿಕೊಂಡು ಕೂರುತ್ತಾರೆ. ಕಾರು ನಿಲ್ಲಿಸಿ "ಇದೇ ಮುತ್ಲಾ" ಎಂದೆ. ಚಿಕ್ಕಪ್ಪ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಗುಡ್ಡ ಎಲ್ಲಿ?" ಎಂದರು. "ನಾವು ಅದರ ಮೇಲೇ ಇದ್ದೇವೆ" ಎಂದು ಹೇಳಬೇಕಾಯಿತು.

ಅವರ ನಗು ನಿಲ್ಲುವ ತನಕ ಕಾದು ಆ ರಸ್ತೆಯ ಕಥೆ ಹೇಳಿದೆ. ಇದೇ ದಾರಿ ಉತ್ತರಕ್ಕೆ ಬಸ್ರಾದ ಕಡೆ ಹೋಗುತ್ತದೆ. 1990ರ ಆಗಸ್ಟ್ 2ರ ನಸುಕಿನಲ್ಲಿ ಇರಾಕಿನ ಟ್ಯಾಂಕುಗಳು ಇದರ ಮೇಲೆ ಇಳಿದು ಬಂದವು. ಮರುವರ್ಷ ಫೆಬ್ರುವರಿಯಲ್ಲಿ ಓಡಿಹೋಗುವಾಗ ಇದರ ಮೇಲೆಯೇ ಅಮೆರಿಕದ ವಿಮಾನಗಳ ಬಾಂಬಿಗೆ ಸಿಕ್ಕಿ ಸುಟ್ಟವು. ಹೋಗುತ್ತ ಆರುನೂರಕ್ಕೂ ಹೆಚ್ಚು ಎಣ್ಣೆಬಾವಿಗಳಿಗೆ ಬೆಂಕಿ ಇಟ್ಟಿದ್ದರು. ಕೊನೆಯದು ಆರಿದ್ದು ನವೆಂಬರಿನಲ್ಲಿ. ಇರಾಕಿನ ಹಿಡಿತದ ಆ ದಿನಗಳಲ್ಲಿ ನಮ್ಮವರು ಇದ್ದಬದ್ದದ್ದನ್ನು ಬಿಟ್ಟು ಬಸ್ಸು, ಲಾರಿ, ಸಿಕ್ಕ ಕಾರು ಹತ್ತಿ ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿನ ಅಮ್ಮಾನ್ ಸೇರಿದರು. ಅಲ್ಲಿಂದ ಏರ್ ಇಂಡಿಯಾ 488 ಹಾರಾಟಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ಮುಂಬೈಗೆ ಸಾಗಿಸಿತು. ನಾಗರಿಕ ವಿಮಾನ ಸಂಸ್ಥೆಯೊಂದು ಇಷ್ಟು ಜನರನ್ನು ಹೀಗೆ ಕರೆತಂದದ್ದು ಗಿನ್ನೆಸ್ ದಾಖಲೆ. ಇಲ್ಲಿನ ಹಳಬರು ಆ ಕಥೆ ಹೇಳುವಾಗ ವಿಮಾನದ ಸುದ್ದಿ ಕಡಿಮೆ. ಜೋರ್ಡಾನಿನ ಗಡಿಯ ಡೇರೆಗಳಲ್ಲಿ ಒಂದು ಬಾಟಲಿ ನೀರಿಗೆ ನಿಂತ ಸಾಲಿನ ಮಾತೇ ಹೆಚ್ಚು. ಮತ್ತೆ ನೀರಿನ ಕಥೆಯೇ. ಹಾಗೆ ಹೋದವರಲ್ಲಿ ಬಹಳ ಮಂದಿ ಎರಡು ವರ್ಷ ಕಳೆಯುವುದರೊಳಗೆ ಅದೇ ಕೆಲಸಕ್ಕೆ ಮರಳಿ ಬಂದರು.

ಫೈಲಾಕಾ ದ್ವೀಪವನ್ನು ಚಿಕ್ಕಪ್ಪನಿಗೆ ತೋರಿಸಲಾಗಲಿಲ್ಲ, ಅಂದು ಗಾಳಿ ಜೋರಾಗಿ ದೋಣಿ ಬಿಡಲಿಲ್ಲ. ಕೊಲ್ಲಿಯಲ್ಲಿ ಸುಮಾರು 20 ಕಿಲೊಮೀಟರ್ ದೂರದ ಆ ದ್ವೀಪಕ್ಕೆ ಅಲೆಕ್ಸಾಂಡರನ ಕಾಲದ ಗ್ರೀಕರು ಇಕಾರೋಸ್ ಎಂದು ಹೆಸರಿಟ್ಟಿದ್ದರು. ಅವರ ಕೋಟೆಯ ತಳಪಾಯ ಈಗಲೂ ಇದೆ, ಅದಕ್ಕೂ ಎಷ್ಟೋ ಹಿಂದಿನ ದಿಲ್ಮನ್ ನಾಗರಿಕತೆಯ ಕಾಲದ ಊರಿನ ಕುರುಹೂ ಇದೆ. 1990ರಲ್ಲಿ ಇರಾಕಿ ಸೈನಿಕರು ಅಲ್ಲಿನ ಜನರನ್ನು ಹೊರಗೋಡಿಸಿದ ಮೇಲೆ ಊರಿನವರು ಮರಳಲೇ ಇಲ್ಲ. ಗುಂಡಿನ ತೂತು ಬಿದ್ದ ಬ್ಯಾಂಕು, ಶಾಲೆ, ಮನೆಗಳು ಹಾಗೇ ನಿಂತಿವೆ. ನಾಲ್ಕು ಸಾವಿರ ವರ್ಷದ ಪಾಳೂ ಮೂವತ್ತು ಚಿಲ್ಲರೆ ವರ್ಷದ ಪಾಳೂ ಅಕ್ಕಪಕ್ಕ.

ಇಷ್ಟೆಲ್ಲ ಸುತ್ತಲು ದೊಡ್ಡ ಖರ್ಚಿಲ್ಲ. ಬಸ್ಸಿಗೆ ದಿನಾರ್‌ನ ಚಿಲ್ಲರೆ, ಕೆಲವು ನೂರು ಫಿಲ್ಸ್. ಮಾರುಕಟ್ಟೆಗೂ ಕೋಟೆಬಾಗಿಲಿಗೂ ದುಡ್ಡೇ ಇಲ್ಲ. ಬೇಕಾದದ್ದು ಬಿಡುವಿನ ಒಂದು ಬೆಳಗು. ಅದು ಮಾತ್ರ ಇಲ್ಲಿ ಎಲ್ಲರಿಗೂ ಸಿಗುವಂಥದ್ದಲ್ಲ. ಮೆಹಬೂಲಾ, ಮಂಗಫ್ ಕಡೆಯ ಕಂಪನಿ ಕ್ಯಾಂಪುಗಳಲ್ಲಿ ಒಂದು ಕೋಣೆಗೆ ಐದಾರು ಮಂಚ ಹಾಕಿಕೊಂಡಿರುವವರ ಶುಕ್ರವಾರ ಬಟ್ಟೆ ಒಗೆಯುವುದಕ್ಕೆ, ವಾರದ ಸಾರು ಮಾಡಿ ಫ್ರಿಜ್ಜಿನಲ್ಲಿ ಇಡುವುದಕ್ಕೆ, ಊರಿಗೆ ಫೋನ್ ಮಾಡುವುದಕ್ಕೆ ಮುಗಿದುಹೋಗುತ್ತದೆ. ಜೂನ್‌ನಿಂದ ಆಗಸ್ಟ್ ತನಕ ಹಗಲು ಹನ್ನೊಂದರಿಂದ ನಾಲ್ಕರವರೆಗೆ ಹೊರಗಿನ ಕೆಲಸಕ್ಕೆ ನಿಷೇಧವಿದೆ. ಉಳಿದ ಹೊತ್ತಿಗೂ ಉಳಿದ ತಿಂಗಳಿಗೂ ಕೆಲಸ ಇದ್ದೇ ಇದೆ. 2024ರ ಜೂನ್ 12ರ ನಸುಕಿನಲ್ಲಿ ಮಂಗಫ್‌ನ ಅಂಥದೊಂದು ಕಟ್ಟಡಕ್ಕೆ ಬೆಂಕಿ ಬಿದ್ದು ಕನಿಷ್ಠ 45 ಮಂದಿ ಭಾರತೀಯರು ಸತ್ತರು. ಅಲ್ಲಿಂದ ಕುವೈತ್ ಟವರ್ಸ್ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಅವರಲ್ಲಿ ಎಷ್ಟು ಜನ ಅದನ್ನು ಹತ್ತಿರದಿಂದ ನೋಡಿದ್ದರೋ.

"ನೋಡಲಿಕ್ಕೆ ಏನಿದೆ" ಎನ್ನುವ ಮಾತು ಅವರ ಬಾಯಲ್ಲಿ ಬಂದರೆ ಅದು ದಣಿವು. ಕಾರು, ಎ.ಸಿ., ಎರಡು ದಿನದ ವಾರದ ರಜೆ ಇರುವ ನಮ್ಮ ಬಾಯಲ್ಲಿ ಬಂದರೆ ಅದು ಸೋಮಾರಿತನ. ಕನ್ನಡ ಕೂಟದವರಿಗೂ ತುಳು ಕೂಟದವರಿಗೂ ನನ್ನದೊಂದು ವಿನಂತಿ: ಈ ಸಲದ ರಾಜ್ಯೋತ್ಸವದಲ್ಲಿ ಒಬ್ಬ ಅತಿಥಿಯ ಭಾಷಣ ಕಡಿಮೆ ಮಾಡಿ, ಆ ದುಡ್ಡಿನಲ್ಲಿ ಒಂದು ಬಸ್ಸು ಗೊತ್ತು ಮಾಡಿ, ಕ್ಯಾಂಪಿನ ಹುಡುಗರನ್ನು ಒಂದು ಬೆಳಗು ಮುಬಾರಕಿಯಾ, ಟವರ್ಸ್, ಜಹ್ರಾ ಸುತ್ತಿಸಿ ತನ್ನಿ. ಅಷ್ಟಾಗದಿದ್ದರೆ, ಓದುಗರೇ, ನೀವು ಮುಂದಿನ ಶುಕ್ರವಾರ ಎಲ್ಲಿಗಾದರೂ ಹೊರಟಾಗ ಹಿಂದಿನ ಸೀಟು ಖಾಲಿ ಇದೆಯೇ ನೋಡಿ. ಇದ್ದರೆ ಪರಿಚಯದ ಒಬ್ಬನಿಗೆ ಫೋನ್ ಮಾಡಿ, ಬಟ್ಟೆ ಒಗೆಯುವುದನ್ನು ಸಂಜೆಗೆ ಇಟ್ಟುಕೊಳ್ಳಲು ಹೇಳಿ.